ನಮ್ಮ ಮಾತು ನಂಬಿದವಳು

ಆ ಬಟ್ಟೆಯ ಚಿತ್ರದಲ್ಲಿ ಹೆಂಗಸನ್ನು ದೊಡ್ಡದಾಗಿ ಬರೆಯಿರಿ ಎಂದು ಹೇಳಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡಬೇಕು. ಇಷ್ಟು ವರ್ಷ ಆ ಮಾತು ಬಂದಾಗೆಲ್ಲ ಚಿತ್ರ ಬರೆದ ಮೇಷ್ಟರ ಮೇಲೆ ಹಾಕಿ ನಾನು ತಪ್ಪಿಸಿಕೊಂಡಿದ್ದೇನೆ. ಪಾಪ, ಅವರು ಈಗಿಲ್ಲ.

ಇಸವಿ ಎರಡು ಸಾವಿರ ದಾಟಿದ ಹೊಸತು. ಕೊಂಡ್ಲಹಳ್ಳಿ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾನು ಟೀಚರ್ ಆಗಿದ್ದೆ. ತೊಂಬತ್ತರ ದಶಕದಲ್ಲಿ ಸಾಕ್ಷರತೆಯ ಜಾಥಾದ ಜೊತೆ ಹಳ್ಳಿ ಹಳ್ಳಿ ತಿರುಗಿ, ಹಾಡಿ, ಮಾತಾಡಿ, ಜನರ ಮುಂದೆ ನಿಲ್ಲುವ ಅಂಜಿಕೆ ಬಿಟ್ಟುಹೋಗಿತ್ತು. ಹಾಗಾಗಿ ಒಂದು ಸಂಸ್ಥೆಯವರು ಹವಾಮಾನ ಬದಲಾವಣೆಯ ಬಗ್ಗೆ ಹಳ್ಳಿಗಳಲ್ಲಿ ತಿಳಿವಳಿಕೆ ಕೊಡಲು ಜನರನ್ನು ಹುಡುಕಿದಾಗ ನನ್ನನ್ನೂ ಕರೆದರು. ಚಳ್ಳಕೆರೆಯಲ್ಲಿ ಮೂರು ದಿನ ತರಬೇತಿ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲು ಸುಟ್ಟ ಹೊಗೆ ಆಕಾಶದಲ್ಲಿ ಸೇರಿ ಶಾಖವನ್ನು ಹಿಡಿದಿಡುತ್ತಿದೆ, ಕಾಡು ಕಡಿದಷ್ಟೂ ಅದು ಹೆಚ್ಚುತ್ತದೆ, ಭೂಮಿ ಬಿಸಿಯಾಗುತ್ತಿದೆ, ಇದಕ್ಕೆಲ್ಲ ಮನುಷ್ಯನೇ ಕಾರಣ. ಇದನ್ನೆಲ್ಲ ನಾನು ಸರಿಯಾಗಿ ಕೇಳಿದ್ದು ಅಲ್ಲೇ ಮೊದಲು. ಕೇಳಿ ಹೆದರಿಕೆಯಾಯಿತು. ಎಲ್ಲರಿಗೂ ಹೇಳಬೇಕೆಂಬ ಹುಮ್ಮಸ್ಸೂ ಬಂತು.

"ಜನಕ್ಕೆ ಗೊತ್ತಿರೋ ಉದಾಹರಣೆ ಕೊಡಿ. ಅವರ ಬದುಕಿಂದಲೇ ಎತ್ತಿ ಹೇಳಿ," ಎಂದಿದ್ದರು ತರಬೇತಿ ಕೊಟ್ಟವರು.

ನಿವೃತ್ತರಾಗಿದ್ದ ಡ್ರಾಯಿಂಗ್ ಮೇಷ್ಟರೊಬ್ಬರು ನಮಗೆ ಚಿತ್ರ ಬರೆದುಕೊಡಲು ಒಪ್ಪಿದರು. ದಪ್ಪ ಬಟ್ಟೆಯ ಮೇಲೆ ಎಣ್ಣೆ ಬಣ್ಣ. ಮೇಲೆ ಸೂರ್ಯ. ನಡುವೆ ಭೂಮಿ, ಅದರ ಸುತ್ತ ಹೊಗೆಯ ಕಂಬಳಿ. ಕಂಬಳಿಯ ಹೋಲಿಕೆ ನನ್ನದು. ನಮ್ಮ ಸೀಮೆಯಲ್ಲಿ ಕಂಬಳಿ ಗೊತ್ತಿಲ್ಲದವರಿಲ್ಲ. ಕೆಳಗೆ ಕಾರ್ಖಾನೆಯ ಚಿಮಣಿ, ಲಾರಿ, ಕಾರು, ಮತ್ತೆ ಮರಕ್ಕೆ ಕೊಡಲಿ ಹಾಕುತ್ತಿರುವ ಒಬ್ಬ ಹೆಂಗಸು.

"ಈ ಹೆಂಗಸನ್ನ ಮುಂದಕ್ಕೆ ತಂದು ದೊಡ್ಡದಾಗಿ ಬರೀರಿ ಸಾರ್. ನಮ್ಮ ಜನ ಕಾರ್ಖಾನೆ ಎಲ್ಲಿ ನೋಡಿದ್ದಾರೆ? ಇವಳನ್ನಾದರೆ ಗುರುತು ಹಿಡೀತಾರೆ," ಎಂದೆ.

ಮೇಷ್ಟರು ಕುಂಚದಿಂದ ಚಿಮಣಿ ತೋರಿಸಿದರು. "ಚಿಮಣಿ ಸಣ್ಣದಾಗ್ತದಲ್ಲಮ್ಮ," ಎಂದರು. "ಆಗಲಿ ಬಿಡಿ ಸಾರ್," ಎಂದೆ.

ಮೊದಮೊದಲು ಹೋದ ಊರುಗಳಲ್ಲಿ ಜನ ಕೂತು ಕೇಳುತ್ತಿದ್ದರು, ನಗುತ್ತಿದ್ದರು, ಎದ್ದು ಹೋಗುತ್ತಿದ್ದರು. "ಮಳೆ ದೇವ್ರ ಕೈಯಾಗೈತೆ ಟೀಚರಮ್ಮ, ನಮ್ ಕೈಯಾಗೇನೈತೆ?" ಎನ್ನುವವರೇ ಹೆಚ್ಚು. ನೇಕಾರರ ಕೇರಿಯಲ್ಲಿ ಮಗ್ಗ ನಿಲ್ಲಿಸದೆಯೇ ನನ್ನ ಭಾಷಣ ಕೇಳಿಸಿಕೊಂಡರು. ನನಗೆ ಬೇಸರವಾಗುತ್ತಿತ್ತು. ಯಾರಾದರೂ ಒಬ್ಬರು ಈ ಮಾತನ್ನು ಮನಸ್ಸಿಗೆ ಹಾಕಿಕೊಳ್ಳಲಿ ಎಂದು ಬಯಸುತ್ತಿದ್ದೆ.

ಅಂಥ ದಿನಗಳಲ್ಲೇ ಆ ದನಗಾಹಿಗಳ ಹಟ್ಟಿಗೆ ಹೋದದ್ದು. ಮಳೆ ಕೈಕೊಟ್ಟು ಎರಡನೇ ವರ್ಷ. ಹಟ್ಟಿಯಲ್ಲಿ ದೇವರ ಎತ್ತುಗಳಿದ್ದವು. ಅವನ್ನು ಯಾರೂ ಹೂಡುವುದಿಲ್ಲ, ಮಾರುವುದಿಲ್ಲ. ಸತ್ತರೆ ಮನುಷ್ಯರಂತೆ ಮಣ್ಣು ಮಾಡುತ್ತಾರೆ. ಅವನ್ನು ಕಾಯುವವನನ್ನು ಕಿಲಾರಿ ಎನ್ನುತ್ತಾರೆ. ಆ ಹಟ್ಟಿಯ ಕಿಲಾರಿಗೆ ಅರವತ್ತರ ಹತ್ತಿರದ ವಯಸ್ಸು. ಮುಳ್ಳುಬೇಲಿಯ ರೊಪ್ಪದೊಳಗೆ, ಎತ್ತುಗಳ ನಡುವೆಯೇ ಅವನ ಬಾಳೆಲ್ಲ ಕಳೆದಿತ್ತು. ಅವನ ಹೆಂಡತಿ ನೀರು ಹೊತ್ತು, ಸೊಪ್ಪು ತಂದು, ಕರುಗಳಿಗೆ ಗಂಜಿ ಕುಡಿಸಿ ಅವನಷ್ಟೇ ದುಡಿಯುತ್ತಿದ್ದಳು. ಮಕ್ಕಳಿರಲಿಲ್ಲ.

ಬಿಸಿಲೇರುವ ಮೊದಲೇ ಬೇವಿನ ಮರಕ್ಕೆ ಬಟ್ಟೆ ಕಟ್ಟಿ ನಾನು ಮಾತು ಶುರು ಮಾಡಿದೆ. ಕಿಲಾರಿಯ ಹೆಂಡತಿ ಮುಂದೆಯೇ ಕೂತಿದ್ದಳು. ಎಲೆಅಡಿಕೆ ಹಾಕಿದ್ದ ಬಾಯಿ ಅಲ್ಲಾಡುವುದನ್ನೂ ನಿಲ್ಲಿಸಿ ಚಿತ್ರ ನೋಡುತ್ತಿದ್ದಳು.

"ಬ್ಯಾಸಿಗ್ಯಾಗೆ ಕಂಬಳಿ ಹೊದಿಸಿದ್ರೆ ಹೆಂಗಾಗ್ತದೆ? ಈಗ ಭೂಮಿತಾಯಿಗೆ ಹಂಗಾಗೈತೆ," ಎಂದೆ.

"ಹೊದಿಸ್ದೋರು ಯಾರು?" ಅಂದಳು.

"ಮನುಷ್ಯರೇ ಅವ್ವಾ. ನಾವೇ."

ಅವಳು ಗಂಡನ ಕಡೆ ತಿರುಗಿ ತೆಲುಗಿನಲ್ಲಿ ಕೇಳಿದಳು: "ಮನಮೇನಾ?" ನಾವೇನಾ ಎಂದು. ಅವರ ಮನೆಮಾತು ತೆಲುಗು.  ಅವನಿಗಿಂತ ಮೊದಲು ನಾನೇ ಉತ್ತರ ಕೊಟ್ಟೆ. ಚಿತ್ರದ ಹೆಂಗಸಿನ ಮೇಲೆ ಕೋಲಿಟ್ಟು, "ನೋಡವ್ವಾ, ಒಂದೊಂದು ಮರ ಕಡಿದಾಗಲೂ ಒಂದೊಂದು ಎಳೆ ಆ ಕಂಬಳಿಗೆ ಸೇರ್ತದೆ," ಎಂದೆ.

ಆವತ್ತು ಹಟ್ಟಿಯಿಂದ ಹೊರಟಾಗ ನನಗೆ ಖುಷಿಯಾಗಿತ್ತು. ಕೊನೆಗೂ ಒಬ್ಬಳು ಕೇಳಿದಳಲ್ಲ ಎಂದು.

ಒಂದು ತಿಂಗಳಾಗಿರಬಹುದು. ಮೊಳಕಾಲ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ಆ ಹಟ್ಟಿಯ ಹೆಂಗಸೊಬ್ಬಳು ಸಿಕ್ಕಳು. "ಏನು ಹೇಳಿ ಹೋದಿರಿ ಟೀಚರಮ್ಮ ನೀವು? ನಮ್ ಕಿಲಾರಿ ಹೆಂಡ್ತಿ ಒಲೆ ಹಚ್ಚೋದೇ ಬಿಟ್ಟವ್ಳೆ," ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಮರುದಿನವೇ ಹೋದೆ. ಕಿಲಾರಿಯ ಹೆಂಡತಿ ರೊಪ್ಪದಿಂದ ದೂರ, ಒಂದು ಜಾಲಿಯ ನೆರಳಿನಲ್ಲಿ ಕೂತಿದ್ದಳು. ಮುಂದೆ ರಾಗಿಹಿಟ್ಟನ್ನು ತಣ್ಣೀರಿನಲ್ಲಿ ಕಲಸಿದ ಬಟ್ಟಲು. ಮುಖ ಒಣಗಿತ್ತು.

"ಯಾಕವ್ವಾ ಹಿಂಗೆ ಕೂತಿದ್ದೀರಿ?"

"ಬಾ ತಾಯಿ, ಕೂತ್ಕೋ," ಎಂದಳು. ಬಟ್ಟಲು ಪಕ್ಕಕ್ಕಿಟ್ಟು ಹೇಳತೊಡಗಿದಳು. ಹಟ್ಟಿಯ ಪಡುವಲಿಗೆ ಒಂದು ಕಮರದ ಮರ ಇತ್ತಂತೆ. ಅವಳು ಮದುವೆಯಾಗಿ ಬಂದಾಗಲೇ ದೊಡ್ಡ ಮರ. ಬರ ಬಂದಾಗೆಲ್ಲ ಅದರ ಸೊಪ್ಪು ಕೊಯ್ದು ಎತ್ತುಗಳಿಗೆ ಹಾಕಿದ್ದಳು. ಹಿಂದಿನ ವರ್ಷ ಮೇವೇ ಇರಲಿಲ್ಲ. ಕೊಂಬೆ ಕೊಂಬೆಯನ್ನೂ ಕಡಿದಳು. ಮರ ಚಿಗುರಲಿಲ್ಲ. ಒಣಗಿದ್ದನ್ನು ಕಡಿದು ತಂದು ಒಲೆಗೆ ಇಟ್ಟಳು.

"ಆ ಬಟ್ಟೆ ಮ್ಯಾಗಿದ್ದೋಳು ನಾನೇ ಕಣಮ್ಮ," ಎಂದಳು. "ಸೆರಗು ಸಿಕ್ಕಿಸ್ಕೊಂಡಿದ್ದೂ ನನ್ನಂಗೇ ಐತೆ. ನಮ್ಮ ಸೀಮೆ ಮಳೆ ನಾನೇ ಓಡಿಸಿದ್ದು."

ಅವಳು ಅಳುತ್ತಿರಲಿಲ್ಲ. ಊರಿನ ಸುದ್ದಿ ಹೇಳುವಂತೆ ಹೇಳಿದಳು. ನಾನು ಸಭೆ ಮುಗಿಸಿ ಹೋದ ದಿನವೇ ಗಂಡನ ಮುಂದೆ ಇದನ್ನೆಲ್ಲ ಒಪ್ಪಿಕೊಂಡಿದ್ದಳಂತೆ.  ಎರಡು ವಾರಕ್ಕೆ ಒಂದು ಎತ್ತು ಸತ್ತಿತು. ಮಂದೆಯಲ್ಲೇ ಹಿರಿಯದು. ಅದನ್ನು ಮಣ್ಣು ಮಾಡಿ ಬಂದ ಸಂಕಟದಲ್ಲಿ ಅವನು ಒಂದು ಮಾತು ಆಡಿಬಿಟ್ಟಿದ್ದ: "ಇನ್ ಮ್ಯಾಲೆ ನೀನು ರೊಪ್ಪದ ತಾವ ಬರಬ್ಯಾಡ." ಅಂದಿನಿಂದ ಅವಳು ಅತ್ತ ಹೋಗಿರಲಿಲ್ಲ.

ನಾನು ಎದ್ದು ರೊಪ್ಪದ ಹತ್ತಿರ ಹೋದೆ. ಕಿಲಾರಿ ಬೇಲಿಯ ಬಳಿ ಬಂದು ನಿಂತ.

"ಯಜಮಾನ್ರೇ, ಅವ್ವನಿಗೆ ಹಂಗಂದಿರಂತೆ?"

"ಸಿಟ್ಟಿನಾಗೆ ಅಂದೆ ತಾಯಿ. ಮಾರನೇ ದಿನಾನೇ ಕಾಲು ಹಿಡ್ಕೊಂಡು ಕರದೆ. ಬರಲ್ಲ ಅಂತಾಳೆ. ನೀನು ಓದಿದೋಳು, ನೀನೇ ಹೇಳಿ ನೋಡು. ನೀನಂದ್ರೆ ಕೇಳ್ತಾಳೆ."

ಹೇಳಿದೆ. ಆವತ್ತೂ ಹೇಳಿದೆ, ಮತ್ತೆ ಮತ್ತೆ ಹೋಗಿಯೂ ಹೇಳಿದೆ. ಬರ ಈ ಸೀಮೆಗೆ ಹೊಸದಲ್ಲ, ನಿಮ್ಮ ಅತ್ತೆ ಮಾವನ ಕಾಲದಲ್ಲೂ ಬಂದಿತ್ತು, ಈ ವರ್ಷದ ಬರ ಭೂಮಿ ಬಿಸಿಯಾದದ್ದರಿಂದಲೇ ಬಂತೆಂದು ಯಾರಿಗೂ ಹೇಳಲು ಬರುವುದಿಲ್ಲ ಎಂದೆ. ಒಂದು ಮರದಿಂದ ಆಕಾಶ ಬಿಸಿಯಾಗುವುದಿಲ್ಲ ಎಂದೆ. ದೂರದೂರದ ದೇಶಗಳಲ್ಲಿ, ದೊಡ್ಡ ಪಟ್ಟಣಗಳಲ್ಲಿ ಎಷ್ಟೋ ತಲೆಮಾರಿನಿಂದ ಸುಟ್ಟದ್ದು ಈಗ ಎಲ್ಲರ ಮೇಲೆ ಕವಿದಿದೆ. ನಿಮ್ಮ ಮನೆಯಲ್ಲಿ ಒಂದು ಬಲ್ಬೂ ಇಲ್ಲ, ಬಸ್ಸು ಹತ್ತುವುದು ವರ್ಷಕ್ಕೊಮ್ಮೆ, ಅದರಲ್ಲಿ ನಿಮ್ಮ ಪಾಲು ಸಾಸಿವೆಯಷ್ಟೂ ಇಲ್ಲ ಎಂದೆ. ಇವೆಲ್ಲ ನಿಜವಾದ ಮಾತುಗಳು. ತರಬೇತಿಯಲ್ಲೂ ಹೇಳಿದ್ದರು. ಮೊದಲ ದಿನ ನಾನು ಹೇಳಿರಲಿಲ್ಲ.

ಒಂದು ಸಲ ಆ ಬಟ್ಟೆಯನ್ನೇ ತೆಗೆದುಕೊಂಡು ಹೋದೆ. ಮೇಷ್ಟರಿಗೆ ಹೇಳಿ ಹೆಂಗಸಿನ ಮೇಲೆ ಬಣ್ಣ ಬಳಿಸಿ, ಚಿಮಣಿಗಳನ್ನು ದೊಡ್ಡದು ಮಾಡಿಸಿದ್ದೆ. ಅವಳು ಬಹಳ ಹೊತ್ತು ನೋಡಿದಳು. ಬಣ್ಣ ಬಳಿದ ಜಾಗದ ಮೇಲೆ ಬೆರಳಾಡಿಸಿದಳು.

"ಅವತ್ತು ಹೇಳಿದ್ದು ನಿಜಾನೋ, ಇವತ್ತು ಹೇಳೋದು ನಿಜಾನೋ?" ಎಂದು ಕೇಳಿದಳು.

"ಇವತ್ತಿನದು ಅವ್ವಾ."

"ನನಗೆ ನೋವಾಯ್ತದೆ ಅಂತ ಅಳಿಸ್ಕೊಂಡು ಬಂದೀಯಾ. ನೀನು ಒಳ್ಳೇಳು," ಎಂದಳು. ನನ್ನ ಕೈ ಹಿಡಿದು ಸವರಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಅದೇ ಹೊತ್ತಿಗೆ ಸಂಸ್ಥೆಯವರು ಚಳ್ಳಕೆರೆಯಲ್ಲಿ ಒಂದು ಕಾರ್ಯಕ್ರಮ ಇಟ್ಟರು. ಕಲ್ಯಾಣ ಮಂಟಪವೊಂದರಲ್ಲಿ. ಎಣ್ಣೆ ಮಿಲ್ಲಿನ ಮಾಲೀಕರು, ಲಾರಿ ಮಾಲೀಕರು, ವಕೀಲರು, ನಮ್ಮಂಥ ನೌಕರರು. ತಲೆಯ ಮೇಲೆ ಫ್ಯಾನುಗಳು ತಿರುಗುತ್ತಿದ್ದವು. ಹೊರಗೆ ಕಾರು, ಸ್ಕೂಟರು ಸಾಲುಸಾಲು. ನಾನು ಬದಲಾಯಿಸಿದ ಬಟ್ಟೆ ಹಿಡಿದು, ಯಾವುದನ್ನೂ ಮುಚ್ಚಿಡದೆ ಮಾತಾಡಿದೆ. ಇದಕ್ಕೆ ಕಾರಣ ನಾವು, ಈ ಮಂಟಪದಲ್ಲಿ ಕೂತವರು, ನಮಗಿಂತಲೂ ಹೆಚ್ಚಾಗಿ ನಮಗಿಂತ ಉಳ್ಳವರು. ಮೊದಲು ಬೇಯುತ್ತಿರುವವರು ಮಾತ್ರ ಬೇರೆಯವರು ಎಂದೆ. ಕಿಲಾರಿಯ ಹೆಂಡತಿಯ ವಿಷಯವನ್ನೂ ಹೇಳಿದೆ. 

ಜೋರಾಗಿ ಚಪ್ಪಾಳೆ ತಟ್ಟಿದರು. "ಬಹಳ ಮನಮುಟ್ಟೋ ಹಂಗೆ ಮಾತಾಡಿದ್ರಿ ಮೇಡಂ," ಎಂದು ಒಬ್ಬರು ನನ್ನ ಹೆಗಲಿಗೆ ಶಾಲು ಹೊದಿಸಿದರು. ಊಟಕ್ಕೆ ಹೋಳಿಗೆ ಮಾಡಿಸಿದ್ದರು. ನಾವೇನಾ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಬರುವಾಗ ನನಗೆ ಒಂದು ವಿಷಯ ಹೊಳೆಯಿತು. ಆ ವರ್ಷ ನಾನು ನೂರಾರು ಜನಕ್ಕೆ ಈ ಮಾತು ಹೇಳಿದ್ದೆ. ಪೂರ್ತಿಯಾಗಿ ನಂಬಿ, ಅದರಂತೆ ಬದುಕಿದವಳು ಅವಳೊಬ್ಬಳೇ. ನಂಬುವ ಅಗತ್ಯ ಎಲ್ಲರಿಗಿಂತ ಕಡಿಮೆಯಿದ್ದವಳೂ ಅವಳೇ. ಹಾಗೆಂದು ನಾನಾದರೂ ಆ ಬಸ್ಸಿನಿಂದ ಇಳಿದೆನೇ? ಮನೆಗೆ ಹೋಗಿ ಫ್ಯಾನು ಹಾಕಿಕೊಂಡು ಮಲಗಿದೆ.

ಮುಂದಿನ ಬೇಸಿಗೆಗೆ ಮೇವು ಪೂರಾ ಮುಗಿಯಿತು. ಸರ್ಕಾರ ಒಂದೆಡೆ ಗೋಶಾಲೆ ತೆರೆಯಿತು. ತಗಡಿನ ಚಪ್ಪರ, ನೀರಿನ ತೊಟ್ಟಿ, ಲಾರಿಯಲ್ಲಿ ಬರುವ ಒಣಹುಲ್ಲು. ಹಟ್ಟಿಯವರು ದೇವರ ಎತ್ತುಗಳನ್ನು ಅಲ್ಲಿಗೆ ಹೊಡೆದುಕೊಂಡು ಹೊರಟರು. ದಾರಿಯಲ್ಲಿ ನೋಡಿದವರು ಹೇಳಿದ್ದು ಇದು: ಮುಂದೆ ಕಿಲಾರಿ, ಹಿಂದೆ ಎತ್ತುಗಳು, ಅವುಗಳ ಹಿಂದೆ ಒಂದು ಫರ್ಲಾಂಗು ಬಿಟ್ಟು ಅವನ ಹೆಂಡತಿ. ಅವನು ನಿಂತರೆ ಅವಳೂ ನಿಲ್ಲುತ್ತಿದ್ದಳು. ಹತ್ತಿರ ಬಾ ಎಂದು ಕೂಗಿದರೆ ಕೇಳಿಸದವಳಂತೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಗೋಶಾಲೆಯಲ್ಲೂ ಹಾಗೆಯೇ. ಚಪ್ಪರದ ಕೆಳಗೆ ಎತ್ತುಗಳಿದ್ದವು. ತನ್ನ ನೆರಳು ಅವುಗಳ ಮೇಲೆ ಬೀಳಬಾರದು ಎಂದು ಅವಳು ಹೊರಗೆ, ಒಂದು ಗುಂಡುಕಲ್ಲಿನ ಮಗ್ಗುಲಲ್ಲಿ ಇರುತ್ತಿದ್ದಳು. ದೂರದ ಕೈಪಂಪಿನಿಂದ ನೀರು ಹೊತ್ತು ತಂದು, ಚಪ್ಪರದ ಅಂಚಿಗೆ ಇಟ್ಟು ಹಿಂದಕ್ಕೆ ಹೋಗಿಬಿಡುತ್ತಿದ್ದಳು. ಅವನು ಬಂದು ಎತ್ತುಗಳಿಗೆ ಕುಡಿಸಬೇಕು. ಒಂದು ದಿನ ಮಟಮಟ ಮಧ್ಯಾಹ್ನ ಕೊಡ ಬಂದು ಅಂಚಿನಲ್ಲಿ ಕೂತಿತ್ತು. ಅವಳು ಹಿಂದಕ್ಕೆ ಹೋಗಿ ಕಲ್ಲಿನ ಹತ್ತಿರ ಒರಗಿದವಳು ಮತ್ತೆ ಏಳಲಿಲ್ಲ. ಟೆಂಪೋದಲ್ಲಿ ಹಾಕಿಕೊಂಡು ಮೊಳಕಾಲ್ಮೂರಿಗೆ ತರುವಷ್ಟರಲ್ಲಿ ಉಸಿರು ಹೋಗಿತ್ತು. ಬಿಸಿಲು ಬಡಿದಿದೆ ಎಂದರಂತೆ ಡಾಕ್ಟರು.

ನನಗೆ ಸುದ್ದಿ ತಲುಪಿದ್ದು ಮಣ್ಣು ಮಾಡಿದ ಮೇಲೆ. ನಾನು ಹೋಗಲಿಲ್ಲ. ಹೋಗುವ ಧೈರ್ಯ ಬರಲಿಲ್ಲ. ರಜೆ ಮುಗಿದು ಶಾಲೆ ಶುರುವಾದ ಮೇಲೆ ಒಂದು ಬೆಳಿಗ್ಗೆ ಕಿಲಾರಿಯೇ ಬಂದ. ಬರಿಗಾಲು, ಹೆಗಲ ಮೇಲೆ ಟವೆಲ್ಲು. ಪಾಠ ನಿಲ್ಲಿಸಿ ಹೊರಗೆ ಬಂದು ಅವನ ಮುಂದೆ ನಿಂತೆ. ಕೈಮುಗಿದೆ. ಅತ್ತುಬಿಟ್ಟೆ.

"ನೀನ್ಯಾಕೆ ಅಳ್ತೀಯಾ ತಾಯಿ? ನೀನು ಬಟ್ಟೆ ತೋರ್ಸಿ ಹೋದೆ. ರೊಪ್ಪಕ್ಕೆ ಬರಬ್ಯಾಡ ಅಂದೋನು ನಾನು," ಎಂದ.

"ಇಬ್ಬರೂ ಅಲ್ಲ ಯಜಮಾನ್ರೇ," ಎನ್ನಬೇಕೆಂದುಕೊಂಡೆ. ಅಷ್ಟರಲ್ಲಿ ಅವನು ಜಗುಲಿಯ ಮೇಲೆ ಕೂತ. ನೀರು ಕೊಟ್ಟೆ, ಕುಡಿದ. ಆಮೇಲೆ ಕೇಳಿದ:

"ಆ ಮಾತು ಪ್ಯಾಟೆಯೋರಿಗೂ ಹೇಳ್ತೀಯೇನಮ್ಮ?"

"ಹೇಳಿದೆ."

"ಏನಂದ್ರು?"

ಸುಳ್ಳು ಹೇಳಲು ಆಗಲಿಲ್ಲ. "ಚಪ್ಪಾಳೆ ತಟ್ಟಿದ್ರು," ಎಂದೆ.

ಅವನು ಟವೆಲಿನಿಂದ ಬಾಯಿ ಒರೆಸಿಕೊಂಡ. ತರಗತಿಯೊಳಗೆ ಮಕ್ಕಳು ಗಲಾಟೆ ಮಾಡತೊಡಗಿದ್ದರು. "ಹೋಗು, ಮಕ್ಳು ಕಾಯ್ತಾವೆ. ಬರ್ತೀನಿ," ಎಂದು ಎದ್ದ. ಉಳಿದ ಎತ್ತುಗಳನ್ನು ಹಟ್ಟಿಗೆ ವಾಪಸು ಹೊಡೆದುಕೊಂಡು ಹೋಗಬೇಕಿತ್ತು ಅವನಿಗೆ. ಆ ವರ್ಷ ಮಳೆ ಸುಮಾರಾಗಿ ಆಯಿತು. ಅದನ್ನು ನೋಡಲು ಅವಳಿರಲಿಲ್ಲ. ಅವನು ಮತ್ತೆ ಕೆಲವು ವರ್ಷ ಬದುಕಿದ್ದ ಎಂದು ಕೇಳಿದ್ದೇನೆ. ರಸ್ತೆಯಲ್ಲಿ ಎತ್ತುಗಳ ಮಂದೆ ಎದುರಾದಾಗ ನಾನು ಬಸ್ಸಿನಲ್ಲಿ ತಲೆ ತಗ್ಗಿಸಿ ಕೂತುಬಿಡುತ್ತಿದ್ದೆ.