ಕಾಶವ್ವ ಕಲಿತ ‘ವಾಮೊಸ್’

ಬೆಳಗಿನ ಆರು ಗಂಟೆ. ಪುಣೆ ಕ್ಯಾಂಪಿನ ಖಾಸಗಿ ಆಸ್ಪತ್ರೆಯೊಂದರ ಎರಡನೇ ಮಹಡಿ. ಹನ್ನೊಂದನೇ ಕೋಣೆಯ ಹೊರಗೆ ಕಾಶವ್ವ ಹೊಸಮನಿ ತುಟಿಯೊಳಗೇ ಏನೋ ಹೇಳಿಕೊಳ್ಳುತ್ತಿದ್ದಾರೆ. ಅಂಗೈಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡದ್ದನ್ನು ನೋಡುತ್ತಾರೆ, ಕಣ್ಣು ಮುಚ್ಚುತ್ತಾರೆ, ಮತ್ತೆ ನೋಡುತ್ತಾರೆ. ಬೆವರಿಗೆ ಒಂದಕ್ಷರ ಆಗಲೇ ಅಳಿಸಿದೆ.

ಒಳಗೆ ಮಲಗಿರುವುದು ಪಿಲಾರ್, ಸ್ಪೇನ್ ದೇಶದ ಎಪ್ಪತ್ತೆಂಟರ ಅಜ್ಜಿ. ಇದೇ ಊರಿನ ಖರಾಡಿಯಲ್ಲಿ ನೌಕರಿ ಮಾಡುವ ಮಗಳು ನೂರಿಯಾಳನ್ನು ನೋಡಲು ಬಂದವರು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಾರೆ. ಆಪರೇಷನ್ ಆಗಿ ಮೂರು ದಿನವಾಯಿತು. ಮರುದಿನವೇ ನಡೆಯಬೇಕಿತ್ತು, ಪಾದ ನೆಲಕ್ಕೆ ಇಟ್ಟಿಲ್ಲ. ಇಂಗ್ಲಿಷ್ ಬಾರದು. ನರ್ಸುಗಳು ಮೊಬೈಲಿನಲ್ಲಿ ಹುಡುಕಿ ಸ್ಪ್ಯಾನಿಷಿನಲ್ಲಿ ‘ಏಳಿ’ ಎಂದು ಹೇಳಿಸಿದರೆ ಮಂಚದ ಕಂಬಿ ಹಿಡಿದು ಅಳುತ್ತಾರೆ. ಹೀಗೇ ಮಲಗಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಅಪಾಯ ಎಂದು ಡಾಕ್ಟರು ನಿನ್ನೆ ಹೇಳಿದ್ದಾರೆ.

ಕಾಶವ್ವ ಇಲ್ಲಿಯ ಆಯಾ. ಎಲ್ಲರ ಬಾಯಲ್ಲೂ ‘ಮಾವಶಿ’, ಮರಾಠಿಯಲ್ಲಿ ಚಿಕ್ಕಮ್ಮ. ಬೈಲಹೊಂಗಲದ ಕಡೆಯವರು, ವಯಸ್ಸು ಐವತ್ಮೂರು. ಗಂಡ ತೀರಿಕೊಂಡ ವರ್ಷವೇ ಸೇರಿದ ಕೆಲಸಕ್ಕೆ ಹತ್ತೊಂಬತ್ತು ವರ್ಷ ತುಂಬಿದೆ. ದಿನಕ್ಕೆ ಹದಿನಾಲ್ಕು ಹಾಸಿಗೆಯ ಚಾದರ ಬದಲಿಸುತ್ತಾರೆ, ಒಂಬತ್ತು ಮಂದಿಯ ಮೈ ಒರೆಸುತ್ತಾರೆ, ಐದಾರು ಜನರನ್ನು ಹಿಡಿದು ನಡೆಸುತ್ತಾರೆ. ಮರಾಠಿ, ಹಿಂದಿ ಎರಡನ್ನೂ ಕಲಿಸಿದ್ದು ರೋಗಿಗಳೇ.

“ನಾಕು ವರ್ಷದ ಹಿಂದ ಒಬ್ರು ಅಜ್ಜಾರು ನನ್ನ ಕೈಯಾಗಿಂದ ಜಾರಿ ಬಿದ್ರು ನೋಡ್ರಿ. ಪುಣ್ಯಾಕ್ಕ ಏನೂ ಆಗ್ಲಿಲ್ಲ. ಆದ್ರ ಅವತ್ತಿಂದ ಯಾರನ್ನ ಎಬ್ಬಸ್ಬೇಕಾದ್ರೂ ಎದಿ ಡವಡವ ಅಂತದ,” ಎನ್ನುತ್ತಾರೆ.

ನಿನ್ನೆ ಸಂಜೆ ನೂರಿಯಾ ಬಂದಾಗ ಕಾಶವ್ವ ಫಿಸಿಯೋಥೆರಪಿಸ್ಟ್ ಕೇತಕಿಯನ್ನು ಬದಿಗೆ ಕರೆದಿದ್ದರು. ಕೇತಕಿ ಧಾರವಾಡದ ಹುಡುಗಿ, ಇಬ್ಬರದೂ ಮಾತು ಕನ್ನಡದಲ್ಲೇ.

“ಏಳ್ರಿ ಅಂದ್ರ ಹುಕುಂ ಆತವ್ವಾ. ನಾವು ‘ನಡೀರಿ, ಕೂಡೇ ಹೋಗೂಣು’ ಅಂತೀವಲ್ಲ, ಅದಕ್ಕ ಅವರೇನಂತಾರ? ಕೇಳು.”

ಕೇತಕಿ ಇಂಗ್ಲಿಷಿನಲ್ಲಿ ಕೇಳಿದಳು. ನೂರಿಯಾ ಹೇಳಿಕೊಟ್ಟಳು: “ವಾಮೊಸ್ ಆ ಕಾಮಿನಾರ್.” ನಡೆಯೋಣ ಬನ್ನಿ ಎಂದು ಅದರ ಅರ್ಥ. ಕಾಶವ್ವ ಬಸ್ಸಿನುದ್ದಕ್ಕೂ ಅದನ್ನೇ ಜಪಿಸುತ್ತ ಮನೆ ಸೇರಿದರು. ತಪ್ಪಿ ಬೇರೇನಾದರೂ ಅಂದುಬಿಟ್ಟರೆ? ಅಜ್ಜಿ ಇನ್ನಷ್ಟು ಹೆದರಿದರೆ?

ಈಗ ಕೇತಕಿ ವಾಕರ್ ತಂದು ಮಂಚದ ಮುಂದೆ ಇಡುತ್ತಾಳೆ. ಅದನ್ನು ಕಂಡದ್ದೇ ಪಿಲಾರ್ ಕಂಬಿಯತ್ತ ಕೈ ಚಾಚುತ್ತಾರೆ. ಕಾಶವ್ವ ಒಳಗೆ ಬಂದು ಅವರ ಪಕ್ಕ ನಿಲ್ಲುತ್ತಾರೆ.

“ವಾಮೊಸ್…” ಮುಂದಿನದು ಮರೆತೇಹೋಗುತ್ತದೆ. “ವಾಮೊಸ್, ಅಜ್ಜಿ.”

ಪಿಲಾರ್ ದಿಟ್ಟಿಸುತ್ತಾರೆ. “ಆದೊಂದೆ?” ಎಂದು ಏನೋ ಕೇಳುತ್ತಾರೆ. ಕಾಶವ್ವನಿಗೆ ತಿಳಿಯದು. ಕೇತಕಿಯೂ ಗೊತ್ತಿಲ್ಲವೆಂದು ತಲೆಯಾಡಿಸುತ್ತಾಳೆ. ಕಾಶವ್ವ ಬಾಗಿಲಾಚೆಯ ಕಿಟಕಿಯತ್ತ ಬೆರಳು ತೋರಿಸಿ, ತಮ್ಮ ಎದೆ ಮುಟ್ಟಿಕೊಂಡು, ಅಜ್ಜಿಯ ಕೈ ಮುಟ್ಟುತ್ತಾರೆ. ಎಲ್ಲಿಗೆ ಎಂದು ಅಜ್ಜಿ ಕೇಳಿದ್ದರೆಂಬುದು ಅವರಿಗೆ ಗೊತ್ತಾದದ್ದು ಆಮೇಲೆ.

ಒಂದು ಪಾದ ನೆಲಕ್ಕೆ ಬರುತ್ತದೆ. ಇನ್ನೊಂದು. ಮೂರನೇ ಹೆಜ್ಜೆಗೆ ಅಜ್ಜಿಯ ಮೈ ವಾಲುತ್ತದೆ. ಕಾಶವ್ವ ಸೊಂಟ ಬಳಸುತ್ತಾರೆ. ಬೀಳುವುದಿಲ್ಲ. ಒಂದು ನಿಮಿಷ ಇಬ್ಬರೂ ಹಾಗೇ ನಿಂತಿರುತ್ತಾರೆ. ಈ ಸಲ ಪಿಲಾರ್ ತಾವೇ ಮೆಲ್ಲಗೆ ಅನ್ನುತ್ತಾರೆ, “ವಾಮೊಸ್.” ಅಂದು ನಡೆದದ್ದು ಏಳು ಹೆಜ್ಜೆ.

ಅದಾಗಿ ಎಂಟು ದಿನ. ಪಿಲಾರ್ ಈಗ ಬೆಳಿಗ್ಗೆ ಸಂಜೆ ಮಹಡಿಯ ಉದ್ದಕ್ಕೂ ನಾಲ್ಕು ಸುತ್ತು ಹಾಕುತ್ತಾರೆ; ನಾಡಿದ್ದು ಮನೆಗೆ. ಏನಾದರೂ ಆಸೆ ಉಂಟೇ ಎಂದರೆ ಕಾಶವ್ವ ಸೆರಗಿನಿಂದ ಮುಖ ಒರೆಸಿಕೊಂಡು ನಗುತ್ತಾರೆ.

“ನನ್ನ ಮೊಣಕಾಲು ಹಿಡ್ಕೊಂಡಾವ, ಅಜ್ಜಿ ನಡ್ಯೂದು ನಿಲ್ಲಸವಲ್ರು. ‘ಸ್ವಲ್ಪ ಕುಂದ್ರೂಣು’ ಅನ್ನಾಕ ಏನಂತಾರ, ಅದೊಂದು ಮಾತು ಕಲಸ್ರಿ ಅಂತ ನೂರಿಯಾ ಅಕ್ಕಾರಿಗೆ ಕೇಳ್ಬೇಕ್ರಿ.”