ಪಾರ್ಸೆಲ್ ಹಿಡಿದವನು ಪ್ರವಾಸಿಯಲ್ಲ

ಗಲ್ಫಿನಲ್ಲಿ ಇರುವವರಿಗೆ ಪ್ರಯಾಣವನ್ನು ಗುಟ್ಟಾಗಿ ಇಡುವುದು ಸಾಧ್ಯವೇ ಇಲ್ಲ. ಟಿಕೆಟ್ ಕೈಗೆ ಬರುವ ಮೊದಲೇ ಪಾರ್ಸೆಲ್‌ಗಳು ಬಾಗಿಲಿಗೆ ಬರುತ್ತವೆ. “ಒಂದು ಸಣ್ಣ ಕಟ್ಟು, ಭಾರ ಏನಿಲ್ಲ” ಎನ್ನುತ್ತ ತಂದಿಡುವ ಕಟ್ಟಿನಲ್ಲಿ ಹಾಲಿನ ಪುಡಿ, ನೋವಿನ ಎಣ್ಣೆ, ಯಾರದೋ ಮಗುವಿನ ಶೂ, ಎಲ್ಲವೂ ಇರುತ್ತದೆ. ಪೆಟ್ಟಿಗೆಯಲ್ಲಿ ನನ್ನ ಬಟ್ಟೆಗೆ ಸರಿಯಾಗಿ ಜಾಗ ಸಿಕ್ಕಿದ ರಜೆ ನನಗೆ ನೆನಪಿಲ್ಲ. ಇದನ್ನು ದೂರಿನ ಹಾಗೆ ಹೇಳುತ್ತಿದ್ದೇನೆ ನಿಜ. ಆದರೆ ಯಾರೂ ಪಾರ್ಸೆಲ್ ಕೊಡದಿದ್ದರೆ ನನ್ನ ಮರ್ಯಾದೆ ಕಡಿಮೆಯಾಯಿತೇನೋ ಎಂದು ಕಸಿವಿಸಿಪಡುವವನೂ ನಾನೇ.

ಈ ಸಲದ ಈದ್ ರಜೆಗೆ ನಾವು ಊರಿಗೆ ಹೊರಟಿರಲಿಲ್ಲ. ಕುವೈತಿನ ಫಿಂಟಾಸಿನಲ್ಲಿ ನಮ್ಮ ಎದುರು ಮನೆಯ ಲ್ಯಾನ್ಸಿ ಹೊಸದೊಂದು ಯೋಜನೆ ಹಾಕಿದ್ದ. ಅವನು ಫಹಾಹೀಲಿನ ಒಂದು ಟ್ರಾವೆಲ್ ಆಫೀಸಿನಲ್ಲಿ ಕೆಲಸಕ್ಕಿರುವ ಬಜ್ಪೆ ಕಡೆಯ ಕೊಂಕಣಿ ಮನುಷ್ಯ. ಯಾರೂ ಹೋಗದ ಜಾಗಕ್ಕೆ ನಮ್ಮನ್ನು ಕರೆದುಕೊಂಡು ಹೋಗುವುದೇ ಅವನಿಗೆ ಚಟ. ಕೊಲ್ಲಿಯ ಆಚೆ ದಡದಲ್ಲಿ ಒಂದು ದೇಶವಿದೆ. ಹೆಸರು ಬರೆಯುವುದಿಲ್ಲ, ನೀವೇ ಊಹಿಸಿಕೊಳ್ಳಿ. ಇಕಾಮಾ ಎಂಬ ವಾಸದ ಪರವಾನಗಿಯ ಮೇಲೆ ಬದುಕುವವನ ಪೆನ್ನಿಗೆ ಅಷ್ಟು ಬುದ್ಧಿ ಇರಬೇಕು. ಅರ್ಧ ಜಗತ್ತು ಆ ದೇಶದ ಮೇಲೆ ನಿರ್ಬಂಧ ಹೇರಿದೆ. ಹೊರಗಿನ ಬ್ಯಾಂಕ್ ಕಾರ್ಡ್ ಅಲ್ಲಿ ನಡೆಯುವುದಿಲ್ಲ, ಹೊರಗಿನಿಂದ ಹಣ ಕಳಿಸುವುದು ಕಷ್ಟ, ಸರಕಾರದ ಬಗ್ಗೆ ಗಟ್ಟಿಯಾಗಿ ಮಾತಾಡಿದವರು ಮನೆಗೆ ಬರುವುದು ಇನ್ನೂ ಕಷ್ಟ.

“ನೀಲಿ ಟೈಲ್ಸಿನ ಗುಮ್ಮಟ, ಗುಲಾಬಿ ತೋಟ, ಎಲ್ಲ ಸಸ್ತ! ಯಾಕೆ ಗೊತ್ತುಂಟಾ? ಯಾರೂ ಹೋಗುದಿಲ್ಲ ಮಾರಾಯಾ!” ಎಂದ ಲ್ಯಾನ್ಸಿ, ನಮ್ಮ ಮನೆಯ ಸೋಫಾದಲ್ಲಿ ಕೂತು.

ಇಲ್ಲಿ ನನ್ನ ಬಿ.ಎ. ವಿಷಯ ಹೇಳಬೇಕು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಅಮ್ಮ ಬೀಡಿ ಕಟ್ಟುತ್ತಿದ್ದರು. ನಾನು ಮುಂಬೈಯ ಹೋಟೆಲಿನಲ್ಲಿ ಹಗಲು ತಟ್ಟೆ ಎತ್ತಿ, ಸಂಜೆ ಕೈಯ ಸಾಂಬಾರು ವಾಸನೆ ಹೋಗುವ ಮೊದಲೇ ರಾತ್ರಿ ಕಾಲೇಜಿನ ಬೆಂಚಿನಲ್ಲಿ ಕೂತು, ರಾಜ್ಯಶಾಸ್ತ್ರ ಓದಿದವನು. ಆ ಪ್ರಮಾಣಪತ್ರ ಫ್ರೇಮಿನೊಳಗೆ ನಮ್ಮ ಹಾಲಿನ ಗೋಡೆಯಲ್ಲಿದೆ, ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ. ಇದರಲ್ಲಿ ನಾಚಿಕೆ ಎಂಥದ್ದು? ಕಷ್ಟಪಟ್ಟು ಗಳಿಸಿದ್ದನ್ನು ಕಪಾಟಿನೊಳಗೆ ಇಡುವಷ್ಟು ವಿನಯ ನನಗಿಲ್ಲ.

“ಯಾರೂ ಹೋಗದ್ದಕ್ಕೆ ಕಾರಣ ಉಂಟು” ಎಂದೆ. “ನಾವು ಕೊಡುವ ವೀಸಾದ ದುಡ್ಡು ಜನರನ್ನು ಒಳಗೆ ಹಾಕುವವರ ಕೈಗೇ ಹೋಗ್ತದೆ. ನಾವು ಅಲ್ಲಿ ಹಲ್ಲು ಬಿಟ್ಟು ಫೋಟೋ ತೆಗೆದ್ರೆ, ಎಲ್ಲ ಸರಿ ಉಂಟು ಅಂತ ಅವರಿಗೆ ಸರ್ಟಿಫಿಕೇಟ್ ಕೊಟ್ಟ ಹಾಗೆ.”

ಲ್ಯಾನ್ಸಿ ಗೋಡೆ ನೋಡಿದ. “ಓಹೋ, ಕೆಳಗೆ ಇಳಿಯಿತಾ ನಿನ್ನ ಬಿ.ಎ.? ಅಲ್ಲ ಶೇಖರ, ನಿನ್ನ ಕಫೀಲ್ ಫೋನಿನಲ್ಲಿ ಒಂದು ಗುಂಡಿ ಒತ್ತದಿದ್ರೆ ನೀನು ಕುವೈತಿನ ಏರ್‌ಪೋರ್ಟ್ ದಾಟುದಿಲ್ಲ. ನೀನು ಅಲ್ಲಿಯವರಿಗೆ ಸ್ವಾತಂತ್ರ್ಯದ ಪಾಠ ಮಾಡುದಾ?”

ನನ್ನ ಹೆಂಡತಿ ಸುಜಾತ ನಕ್ಕ ರಭಸಕ್ಕೆ ಚಹಾ ಟೀಪಾಯಿಯ ಮೇಲೆ ಚೆಲ್ಲಿತು. ಅವನು ಹೇಳಿದ್ದು ಸುಳ್ಳಲ್ಲ. ದೇಶದಿಂದ ಹೊರಗೆ ಕಾಲಿಡಲು ಕಫೀಲ್, ಅಂದರೆ ಕೆಲಸ ಕೊಟ್ಟ ಧಣಿಯ ಅನುಮತಿ ನಮಗೆ ಬೇಕೇಬೇಕು. ಆದರೆ ಸೋಲುವ ಜಾಯಮಾನ ನನ್ನದಲ್ಲ. “ಬಾಗಿಲಿನ ಕೀಲಿ ಬೇರೆಯವರ ಕೈಯಲ್ಲಿ ಇದ್ರೆ ಹೇಗಿರ್ತದೆ ಅಂತ ಗೊತ್ತಿರುದ್ರಿಂದಲೇ ಹೇಳುದು” ಎಂದೆ. ಅವತ್ತಿಗೆ ಮಾತು ಖಲಾಸ್.

ಸುಜಾತ ಜಾಬ್ರಿಯಾದ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳ ವಾರ್ಡಿನಲ್ಲೇ ಕೆಲಸ ಮಾಡುವ ನಸ್ರೀನ್ ಆ ಆಚೆ ದಡದವಳು. ಅವಳ ತಮ್ಮ ಏನೋ ಬರೆದು ಸಿಕ್ಕಿಬಿದ್ದು ಜೈಲು ಸೇರಿದ ಮೇಲೆ ಅವಳು ಊರಿಗೆ ಹೋಗಿಲ್ಲ. ಹೋದರೆ ತಿರುಗಿ ಬಿಡುತ್ತಾರೆಂಬ ಭರವಸೆಯಿಲ್ಲ. ನನ್ನ ನಿರ್ಧಾರವನ್ನು ಮೆಚ್ಚುವವರು ಜಗತ್ತಿನಲ್ಲಿ ಯಾರಾದರೂ ಇದ್ದರೆ ಅದು ಇವಳೇ ಎಂದುಕೊಂಡು, ಸುಜಾತಳನ್ನು ಕರೆತರಲು ಹೋದ ದಿನ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಎದೆಯುಬ್ಬಿಸಿ, ಅವಳು ವಾರ್ಡಿನಲ್ಲಿ ಕಲಿತಿದ್ದ ಹಿಂದಿಯಲ್ಲಿ ಘೋಷಿಸಿದೆ: ನಿಮ್ಮ ಜನರಿಗಾಗಿ ನಾವು ಈ ಪ್ರವಾಸವನ್ನು ಕೈಬಿಟ್ಟಿದ್ದೇವೆ.

ನಸ್ರೀನ್ ಕೈಯಲ್ಲಿ ಒಂದು ಪುಟ್ಟ ರಟ್ಟಿನ ಪೆಟ್ಟಿಗೆಯಿತ್ತು. ನಮ್ಮವರ ಜೊತೆಗಿದ್ದು ಅವಳಿಗೂ ಗಲ್ಫಿನ ಪದ್ಧತಿ ಬಂದಿತ್ತು. ಪ್ರವಾಸದ ಸುದ್ದಿ ಸುಜಾತಳ ಬಾಯಿಂದ ಬಿದ್ದ ದಿನವೇ ಪಾರ್ಸೆಲ್ ತಯಾರು.

“ನಮ್ಮ ಜನರಿಗಾಗಿ ಹೋಗುವುದಿಲ್ಲವಾ, ಶೇಖರ್ ಭಾಯಿ? ನಮ್ಮ ಜನರಲ್ಲಿ ಯಾರನ್ನು ಕೇಳಿದಿರಿ?”

“ಅದು... ಓದಿದ್ದೆ...”

“ನಾನು ಇಲ್ಲೇ ಇದ್ದೆನಲ್ಲ.”

ಪೆಟ್ಟಿಗೆಯಲ್ಲಿ ಇದ್ದದ್ದು ಕಿವಿಗೆ ಹಾಕುವ ಯಂತ್ರ, ಜೊತೆಗೆ ಬ್ಯಾಟರಿಗಳು. ಅಂಚೆಯಲ್ಲಿ ಕಳಿಸಿದ್ದು ತಲುಪಿರಲಿಲ್ಲ. ಅವಳ ತಾಯಿಗೆ ಕಿವಿ ಪೂರ್ತಿ ಮಂದವಾಗಿತ್ತು. “ಅಮ್ಮ ಫೋನಿನಲ್ಲಿ ಕೂಗುತ್ತಾಳೆ, ನನಗೆ ಕೇಳುತ್ತದೆ. ನಾನು ಹೇಳುವ ಒಂದು ಮಾತೂ ಅವಳಿಗೆ ಕೇಳುವುದಿಲ್ಲ” ಎಂದಳು. “ನನ್ನ ತಮ್ಮನನ್ನು ಕೇಳಿದ್ದರೆ ಹೋಗಬೇಡಿ ಎನ್ನುತ್ತಿದ್ದನೋ ಏನೋ. ಅವನನ್ನು ಕೇಳುವ ಹಾಗಿಲ್ಲ” ಎಂದು ಸೇರಿಸಿದಳು.

ಪೆಟ್ಟಿಗೆಯನ್ನು ನಾನು ತೆಗೆದುಕೊಂಡೆ. ಮನೆ ಮುಟ್ಟುವಾಗ ಸುಜಾತ ಕೇಳಿದ್ದು ವೀಸಾಕ್ಕೆ ಫೋಟೋ ಎಷ್ಟು ಬೇಕು ಎಂದಷ್ಟೇ. ಅದು ಅವಳ ದೊಡ್ಡ ಗುಣ.

ಹಿಂದೆ ನಮ್ಮ ಕಡೆ ಕಾಶಿಗೆ ಹೊರಟವರ ಗಂಟಿನಲ್ಲಿ ನೆರೆಹೊರೆಯವರದೆಲ್ಲ ಇರುತ್ತಿತ್ತಂತೆ: ಒಬ್ಬರ ತಾಯಿಯ ಅಸ್ಥಿ, ಇನ್ನೊಬ್ಬರ ಹರಕೆ, ತಿರುಗಿ ಬರುವಾಗ ಎಲ್ಲರಿಗೂ ಒಂದೊಂದು ಗಿಂಡಿ ಗಂಗೆ. ದಾರಿಯಲ್ಲಿ ಯಾವ ನವಾಬ, ಯಾವ ದೊರೆ ಸುಂಕ ವಸೂಲು ಮಾಡಿದ ಎಂದು ಅವರು ತಲೆ ಕೆಡಿಸಿಕೊಂಡದ್ದು ಕೇಳಿಲ್ಲ. ಹಾಗೆಂದು ಆ ಪ್ರಶ್ನೆ ತಪ್ಪೆಂದು ನಾನು ಒಪ್ಪುವುದಿಲ್ಲ, ಈಗಲೂ ಒಪ್ಪಿಲ್ಲ. ನಾವು ಕೊಟ್ಟ ವೀಸಾದ ಹಣ, ಗುಮ್ಮಟ ನೋಡಿದ ಟಿಕೆಟ್ಟಿನ ಹಣ ಸರಕಾರಕ್ಕೇ ಹೋಯಿತು, ಗೊತ್ತು. ಸರಕಾರಿ ಹೋಟೆಲು ಬಿಟ್ಟು ಒಬ್ಬರ ಮನೆಯ ಕೋಣೆಯಲ್ಲಿ ಉಳಿದ ಮಾತ್ರಕ್ಕೆ ನಾನು ಶುದ್ಧನಾದೆ ಎಂದೂ ಹೇಳುವುದಿಲ್ಲ. ಆದರೆ ತನಗೊಬ್ಬನಿಗಾಗಿ ಹೋಗುವವನೂ ಯಾರದೋ ಕಟ್ಟು ಹೊತ್ತು ಹೋಗುವವನೂ ಒಂದೇ ಅಲ್ಲ. ಕಿಸೆಯಲ್ಲಿ ಒಂದು ವಿಳಾಸ ಇಲ್ಲದೆ ಅಂಥ ದೇಶಕ್ಕೆ ಹೋಗಬಾರದು: ಇದು ನನ್ನ ಬಿ.ಎ.ಯ ಪಠ್ಯದಲ್ಲಿ ಇರಲಿಲ್ಲ, ನಾನೇ ಸೇರಿಸಿದ್ದು.

ಹೀಗೆ, ಕಫೀಲ್ ಗುಂಡಿ ಒತ್ತಿದ ಮೇಲೆ, ಹೋದೆವು. ಲ್ಯಾನ್ಸಿಯನ್ನು ಗುಲಾಬಿ ತೋಟದಲ್ಲಿ ಬಿಟ್ಟು ನಾವಿಬ್ಬರೂ ಮೂರನೇ ಮಹಡಿಯಲ್ಲಿ ನಸ್ರೀನಳ ತಾಯಿಯ ಮನೆಯ ಬಾಗಿಲು ತಟ್ಟಿದೆವು. ಅಜ್ಜಿ ನಮ್ಮನ್ನು ಕೂಗಿ ಸ್ವಾಗತಿಸಿದರು. ಕೂಗಿ ಚಹಾ ಕೊಟ್ಟರು. ಆಮೇಲೆ ಮಾಂಸದ ಬೆಲೆ, ಮಗನನ್ನು ಕರೆದೊಯ್ದ ದಿನ, ಮೇಲೆ ಕೂತವರ ಯೋಗ್ಯತೆ, ಎಲ್ಲವನ್ನೂ ಬೀದಿಗೆ ಕೇಳುವ ಹಾಗೆ ಕೂಗಿ ಹೇಳಿದರು. ಇಂಗ್ಲಿಷ್ ಬಲ್ಲ ಪಕ್ಕದ ಮನೆಯ ಟೀಚರಮ್ಮ ಅರ್ಧವನ್ನು ಪಿಸುಮಾತಿನಲ್ಲಿ ಅನುವಾದಿಸಿದರು; ಉಳಿದರ್ಧಕ್ಕೆ ಎದ್ದು ಹೋಗಿ ಕಿಟಕಿ ಮುಚ್ಚಿದರು.

ಸುಜಾತ ಯಂತ್ರವನ್ನು ಅಜ್ಜಿಯ ಕಿವಿಗೆ ಕೂಡಿಸಿ, ನಸ್ರೀನ್‌ಗೆ ಫೋನ್ ಹಚ್ಚಿ ಕೊಟ್ಟಳು. ಆಚೆಯಿಂದ ಮಗಳ ದನಿ ಬಂತು. ಅಜ್ಜಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅಲುಗದೆ ಕೂತರು. ಆಮೇಲೆ ಏನೋ ಕೂಗಲು ಬಾಯಿ ತೆರೆದವರು ತಮ್ಮ ಕೂಗು ತಮಗೇ ಕೇಳಿಸಿ ಬೆಚ್ಚಿದರು. ಮುಚ್ಚಿದ ಕಿಟಕಿಯ ಕಡೆ ಒಮ್ಮೆ ನೋಡಿದರು. ಮತ್ತೆ ಮಾತಾಡಿದಾಗ ಆ ದನಿ ಟೀಚರಮ್ಮನ ದನಿಗಿಂತಲೂ ಸಣ್ಣದಾಗಿತ್ತು.

ಕುವೈತಿಗೆ ಮರಳಿದ ಮೇಲೆ ಅಜ್ಜಿ ಕೊಟ್ಟ ಕಟ್ಟನ್ನು ಅದೇ ಪಾರ್ಕಿಂಗಿನಲ್ಲಿ ನಸ್ರೀನ್‌ಗೆ ತಲುಪಿಸಿದೆ. ಅವಳು ನಕ್ಕಳು. “ಶೇಖರ್ ಭಾಯಿ, ಈಗ ಅಮ್ಮನಿಗೆ ಎಲ್ಲ ಕೇಳುತ್ತದೆ. ಅಮ್ಮ ಹೇಳುವುದೇ ನನಗೆ ಕೇಳುವುದಿಲ್ಲ. ಅವತ್ತು ನಿಮ್ಮ ಹತ್ತಿರ ಏನೇನು ಕೂಗಿದಳು?”

ಟೀಚರಮ್ಮ ಹೇಳಿದ್ದಷ್ಟನ್ನೂ ಒಂದೂ ಬಿಡದೆ ಒಪ್ಪಿಸಿದೆ. ಸುತ್ತ ಯಾರೂ ಇರಲಿಲ್ಲ. ಆದರೂ, “ಸ್ವಲ್ಪ ಜೋರಾಗಿ ಹೇಳಿ ಭಾಯಿ” ಎಂದು ಅವಳು ಎರಡು ಸಲ ನೆನಪಿಸಬೇಕಾಯಿತು.