ಹೆದೆಗೆ ಸುತ್ತಿದ ದಾರ

ಮರಾಠಿ ಸೀಮೆಯ ಚಿಂಚವಾಡದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ತಪಾಸಣೆಯ ಕೆಲಸ ಮಾಡಿದವನು ನಾನು. ಇನ್ನೊಬ್ಬರು ಮಾಡಿದ ಸಾಮಾನಿನಲ್ಲಿ ತಪ್ಪು ಹುಡುಕುವುದೇ ನನ್ನ ಅನ್ನವಾಗಿತ್ತು. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸುವ ಚಾಳಿ ಅಲ್ಲಿ ಅಂಟಿತೋ, ಹುಟ್ಟಿನಿಂದಲೇ ಬಂತೋ ಗೊತ್ತಿಲ್ಲ. ನಿವೃತ್ತನಾದ ಮೇಲೆ ಹೊತ್ತು ಹೋಗದೆ ಮನೆ ಹತ್ತಿರದ ಮೈದಾನದಲ್ಲಿ ಬಿಲ್ಲು ಕಲಿಯಲು ಸೇರಿದೆ. ಒಂದು ದಿನ ನನ್ನ ಜೊತೆ ಬಂದ ಹೆಂಡತಿ, "ನಾನೂ ಒಂದ ಹೊಡೀಲೇನ್ರಿ?" ಎಂದಳು. ಆರು ತಿಂಗಳಲ್ಲಿ ನನಗಿಂತ ಚೆನ್ನಾಗಿ ಹೊಡೆಯತೊಡಗಿದಳು. ಅದರಿಂದ ನನಗೆ ಖುಷಿಯಾಯಿತೆಂದರೆ ಸುಳ್ಳಾಗುತ್ತದೆ.

ಕಳೆದ ವರ್ಷ ದಸರೆಯ ಬೆಳಿಗ್ಗೆ ಮೈದಾನದಲ್ಲಿ ಎಲ್ಲರೆದುರು ಐದು ಬಾಣ ಬಿಡುವವರ ಪಟ್ಟಿಯಲ್ಲಿ ಅವಳ ಹೆಸರೂ ಇತ್ತು. ಬೆಳಗಾವಿಯ ತಂಗಿಗೆ ಫೋನು ಮಾಡಿ ಹೇಳಿದ್ದೇ ಹೇಳಿದ್ದು. ಹಿಂದಿನ ದಿನ, ಖಂಡೇನವಮಿಯ ಮುಂಜಾನೆ, ಅವಳ ಬಿದಿರಿನ ಬಿಲ್ಲಿಗೆ ನಾನು ಹೊಸ ಹೆದೆ ಕಟ್ಟಿದೆ. ಬಾಣದ ಹಿಂದಿನ ಸೀಳು ಹೆದೆಯ ಮೇಲೆ ಎಲ್ಲಿ ಕೂರಬೇಕೆಂಬ ಗುರುತಿಗೆ ದಾರ ಸುತ್ತುತ್ತಾರೆ. ಮೂಲೆಮಟ್ಟ ಇಟ್ಟು ಅಳೆದು ಸುತ್ತಿದೆ. ಆಮೇಲೆ ಮೈದಾನಕ್ಕೆ ಒಯ್ದು ಗರಿಯಿಲ್ಲದ ಬಾಣ ಬಿಟ್ಟು ನೋಡಿದೆ. ಗುರುತು ತಪ್ಪಿದ್ದರೆ ಅಂಥ ಬಾಣ ಬಾಲ ಎತ್ತಿಯೋ ಇಳಿಸಿಯೋ ನಾಟುತ್ತದೆ. ದಾರವನ್ನು ತುಸು ಮೇಲೆ, ತುಸು ಕೆಳಗೆ ಸರಿಸಿದ ಮೇಲೆ ಮೂರು ಬಾಣ ನೆಟ್ಟಗೆ ನಾಟಿದವು. ದಾರಕ್ಕೆ ಅಂಟು ಹಾಕಿ, ಮನೆಗೆ ತಂದು, ಕುಂಕುಮ ಹಚ್ಚಿ ಬಿಲ್ಲನ್ನು ಪೂಜೆಗಿಟ್ಟೆ.

"ನಾ ಒಂದ ಸಲ ಹೊಡದ ನೋಡ್ತೀನ್ರಿ," ಎಂದಳು.

"ಪೂಜಿಗಿಟ್ಟ ಆಯುಧ ನಾಳಿ ತನಕಾ ಮುಟ್ಟಬಾರದು. ಅಷ್ಟೂ ತಿಳೀದೇನು?"

ಮರುದಿನ ಅವಳ ಮೊದಲ ಬಾಣ ಮೇಲೆ ಕೆಳಗೆ ಕುಣಿಯುತ್ತ ಹೋಗಿ ಹುಲ್ಲಿನ ಗುರಿಯ ಬುಡದಲ್ಲಿ ಬಾಲ ಎತ್ತಿಕೊಂಡು ನಾಟಿತು. ಎರಡನೆಯದು ಗುರಿಯ ಕಟ್ಟಿಗೆಗೆ ಬಡಿದು ಮುರಿಯಿತು. ಅವಳು ತಿರುಗಿ, "ರೀ, ಹೆದಿ ಒಮ್ಮೆ ನೋಡ್ರಿ," ಎಂದಳು. ನಾನು ಅಳೆದದ್ದನ್ನು ಮಂದಿಯ ಮುಂದೆ ಅನುಮಾನಿಸುವುದೆಂದರೆ! ನನಗೆ ಪಿತ್ತ ನೆತ್ತಿಗೇರಿತು. ಎಲ್ಲರಿಗೂ ತಿಳಿಯಲೆಂದೇ ಮರಾಠಿಯಲ್ಲಿ ಕೂಗಿದೆ: "ಹಾತ್ ಥರಥರತೋಯ್ ತಿಚಾ, ಧನುಷ್ಯಾಚಾ ಕಾಯ್ ದೋಷ್?" ಅವಳ ಕೈಯೇ ನಡುಗುತ್ತಿದ್ದರೆ ಬಿಲ್ಲಿನದೇನು ತಪ್ಪು ಎಂದ ಹಾಗೆ. ಜನ ನಕ್ಕರು. ಅವಳು ಉಳಿದ ಮೂರು ಬಾಣವನ್ನೂ ಬಿಟ್ಟಳು. ಮೂರೂ ಹಾಗೇ ಹೋದವು.

ಎರಡು ದಿನ ಬಿಟ್ಟು, ನನ್ನ ಮಾತೇ ಸರಿಯೆಂದು ನನಗೆ ನಾನೇ ತೋರಿಸಿಕೊಳ್ಳಲು ಅವಳ ಬಿಲ್ಲು ತೆಗೆದುಕೊಂಡು ಒಬ್ಬನೇ ಮೈದಾನಕ್ಕೆ ಹೋದೆ. ಗರಿಯಿಲ್ಲದ ಬಾಣ ಮತ್ತೆ ನೆಟ್ಟಗೆ ನಾಟಿತು. ಹಿಗ್ಗಿನಲ್ಲಿ, ಅವಳು ಹೇಗೆ ಎಳೆಯುತ್ತಾಳೆಂದು ಅಣಕಿಸುವವನಂತೆ ಬೆರಳು ಇಟ್ಟೆ. ಆಗ ಹೊಳೆಯಿತು. ನಾನು ಮೂರೂ ಬೆರಳನ್ನು ಬಾಣದ ಕೆಳಗೆ ಹಾಕಿ ಎಳೆಯುವವನು. ಅವಳದು ಒಂದು ಬೆರಳು ಮೇಲೆ, ಎರಡು ಕೆಳಗೆ. ಬೆರಳು ಬದಲಾದರೆ ದಾರದ ಜಾಗವೂ ಬದಲಾಗಬೇಕೆಂದು ಅಲ್ಲಿ ಹೊಸಬರಿಗೂ ಹೇಳಿಕೊಡುತ್ತಾರೆ. ಅವಳಂತೆ ಎಳೆದು ಬಿಟ್ಟೆ. ಬಾಣ ಬಾಲ ಎತ್ತಿಕೊಂಡು ನಾಟಿತು. ಮೂರು ಸಲವೂ ಹಾಗೇ ಆಯಿತು.

ಅವಳ ಬಿಲ್ಲನ್ನು ನನ್ನ ಬೆರಳಿಗೆ ಹೊಂದಿಸಿದ್ದೆ. ನಾಚಿಕೆಯಾಯಿತು. ಆದರೂ ಮೊದಲು ಮಾಡಿದ್ದೇನೆಂದರೆ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತ ಕಣ್ಣು ಹಾಯಿಸಿದ್ದು. ಆಮೇಲೆ ದಾರ ಕತ್ತರಿಸಿ, ಅಲ್ಲೇ ಕೂತು, ಅವಳ ಬೆರಳಿಗೆ ತಕ್ಕಂತೆ ಕೆಳಗೆ ಸುತ್ತಿದೆ.

ಮನೆಗೆ ಬಂದು, "ಬಿಲ್ಲು ತಯಾರದ, ನಾಳಿ ಬಾ," ಎಂದೆ.

"ಬ್ಯಾಡ್ರಿ. ಮಂದಿ ಮುಂದ ನಿಮ್ಮ ಮರ್ಯಾದಿ ಕಳದೆ. ನೀವ ಅಂದದ್ದ ಖರೆ ಅದ, ನನ್ನ ಕೈ ನಡಗ್ತದ."

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. "ಇರಲಿ ಬಿಡು," ಎಂದೆ, ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವನಂತೆ.

ದೀಪಾವಳಿಗೆ ಪಕ್ಕದ ಮನೆಯವರು ಫರಾಳಕ್ಕೆ, ಅಂದರೆ ಹಬ್ಬದ ತಿಂಡಿಗೆ, ಬಂದರು. ಅವಳು ಚಹಾದ ಪಾತ್ರೆ ತಂದು, ಬಟ್ಟಲುಗಳ ಜೊತೆ ನನ್ನ ಮುಂದಿಟ್ಟಳು. "ನೀವ ಹಾಕ್ರಿ. ನನ್ನ ಕೈ ನಡಗ್ತದ."

ಆ ಕೈ ನಡುಗಿದ್ದನ್ನು ನಾನು ಒಂದು ದಿನವೂ ನೋಡಿಲ್ಲ. ಪಕ್ಕದ ಮನೆಯಾಕೆ ಗಾಬರಿಯಾಗಿ, ಯಾವಾಗಿನಿಂದ ಹೀಗೆ ಎಂದು ಕೇಳಿದಳು.

ದಸರೆಯಿಂದ, ಎಂದಳು ನನ್ನ ಹೆಂಡತಿ. ನಾನು ತಲೆ ಎತ್ತದೆ ನಾಲ್ಕೂ ಬಟ್ಟಲಿಗೆ ಚಹಾ ಸುರಿದೆ.